ಸ್ಟ್ರೈಪ್ಡ್ ಬಾಸ್: ಗಾಳಗಾರರ ಕಡಲಲ್ಲಿ ಮೀನಿನ ಎಣಿಕೆ ಮತ್ತು ಪಾಲನೆ

ಸ್ಟ್ರೈಪ್ಡ್ ಬಾಸ್ ಉತ್ತರ ಅಮೆರಿಕದ ಅಟ್ಲಾಂಟಿಕ್ ಕರಾವಳಿಯ ಮೀನು. ವೈಜ್ಞಾನಿಕ ಹೆಸರು ಮೊರೋನೆ ಸ್ಯಾಕ್ಸಾಟಿಲಿಸ್. ಬೆಳ್ಳಿ ಬಣ್ಣದ ಪಕ್ಕೆಯ ಮೇಲೆ ಕಿವಿರಿನ ಹಿಂದಿನಿಂದ ಬಾಲದ ಬುಡದವರೆಗೆ ಸಾಗುವ ಏಳೆಂಟು ಕಪ್ಪು ಗೆರೆಗಳು ಇದರ ಗುರುತು. ಮೇರಿಲ್ಯಾಂಡ್, ವರ್ಜೀನಿಯಾಗಳ ಜನ ಇದನ್ನು ರಾಕ್‌ಫಿಶ್ ಎನ್ನುತ್ತಾರೆ. ನ್ಯೂ ಇಂಗ್ಲೆಂಡ್‌ನ ಗಾಳಗಾರರಿಗೆ ಇದು ಸ್ಟ್ರೈಪರ್. ಮೂವತ್ತು ವರ್ಷ ಬದುಕಬಲ್ಲ ಮೀನಿದು. 1891ರಲ್ಲಿ ಉತ್ತರ ಕೆರೊಲಿನಾದ ಈಡನ್‌ಟನ್ ಬಳಿ ಸಿಕ್ಕ ಒಂದು ಮೀನು 125 ಪೌಂಡ್, ಅಂದರೆ ಸುಮಾರು 57 ಕಿಲೋ ತೂಗಿತ್ತು. ವಾಣಿಜ್ಯ ಮೀನುಗಾರರೂ ಇದನ್ನು ಹಿಡಿಯುತ್ತಾರೆ, ರಜೆಯ ದಿನ ಗಾಳ ಹಿಡಿದು ದಡಕ್ಕೆ ಬರುವ ಹವ್ಯಾಸಿಗಳೂ ಹಿಡಿಯುತ್ತಾರೆ. ಈಚಿನ ವರ್ಷಗಳಲ್ಲಿ ಮೀನುಗಾರಿಕೆಯಿಂದ ಸಾಯುವ ಸ್ಟ್ರೈಪ್ಡ್ ಬಾಸ್‌ಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಹವ್ಯಾಸಿಗಳ ಗಾಳಕ್ಕೆ ಬಿದ್ದವು. ಕರಾವಳಿ ಮೀನುಗಳ ನಿರ್ವಹಣೆಯ ಚರಿತ್ರೆಯಲ್ಲಿ ಈ ಮೀನಿಗೆ ವಿಶೇಷ ಸ್ಥಾನ ಸಿಕ್ಕಿರುವುದು ಇದರಿಂದಲೇ. ಇಲ್ಲಿ ಹತೋಟಿಗೆ ತರಬೇಕಾದದ್ದು ಕೆಲವು ನೂರು ದೋಣಿಗಳನ್ನಲ್ಲ. ಒಬ್ಬೊಬ್ಬರೂ ಒಂದೆರಡೇ ಮೀನು ಹಿಡಿಯುವ ಲಕ್ಷಾಂತರ ಬಿಡಿ ಜನರನ್ನು.

ಈ ಮೀನು ಬಾಳುವ ರೀತಿ ತಿಳಿಯದೆ ಅದರ ನಿರ್ವಹಣೆ ಅರ್ಥವಾಗದು. ಸ್ಟ್ರೈಪ್ಡ್ ಬಾಸ್ ಕಡಲಲ್ಲಿ ಬೆಳೆದು, ಮೊಟ್ಟೆಯಿಡಲು ವಸಂತದಲ್ಲಿ ಸಿಹಿನೀರಿನ ನದಿಗಳಿಗೆ ಏರಿ ಬರುತ್ತದೆ. ಹಡ್ಸನ್, ಡೆಲವೇರ್ ನದಿಗಳಲ್ಲೂ ಮೊಟ್ಟೆಯಿಡುವುದುಂಟು. ಆದರೆ ಅಟ್ಲಾಂಟಿಕ್ ಸಂತತಿಯ ಬಹುಪಾಲು ಹುಟ್ಟುವುದು ಚೆಸಪೀಕ್ ಕೊಲ್ಲಿಗೆ ಬಂದು ಸೇರುವ ನದಿಗಳಲ್ಲಿ. ದೊಡ್ಡ ಹೆಣ್ಣುಮೀನು ಒಂದು ಋತುವಿನಲ್ಲಿ ಹತ್ತಾರು ಲಕ್ಷ ಮೊಟ್ಟೆಗಳನ್ನಿಡುತ್ತದೆ. ಮೊಟ್ಟೆಗಳು ತಳಕ್ಕೆ ಕೂರದೆ ನೀರಿನ ಹರಿವಿನಲ್ಲಿ ತೇಲುತ್ತಾ ಎರಡು ಮೂರು ದಿನಗಳಲ್ಲಿ ಒಡೆಯಬೇಕು. ಒಡೆದ ಮರಿಗೆ ಆ ಹೊತ್ತಿಗೆ ಸರಿಯಾಗಿ ಸೂಕ್ಷ್ಮಜೀವಿಗಳ ಆಹಾರ ಸಿಗಬೇಕು. ಚಳಿಗಾಲ ಕೊರೆದು, ವಸಂತದಲ್ಲಿ ಮಳೆಯಾಗಿ ನದಿ ತುಂಬಿ ಹರಿದರೆ ಮರಿಗಳು ಹೇರಳವಾಗಿ ಉಳಿಯುತ್ತವೆ. ಬೆಚ್ಚಗಿನ ಚಳಿಗಾಲ, ಒಣ ವಸಂತ ಬಂದರೆ ಆ ವರ್ಷದ ಪೀಳಿಗೆಯೇ ಸೊರಗುತ್ತದೆ. ಹೀಗಾಗಿ ಒಂದು ವರ್ಷದ ಪೀಳಿಗೆಗೂ ಮರುವರ್ಷದ್ದಕ್ಕೂ ಅಜಗಜಾಂತರ. ಆಗೊಮ್ಮೆ ಈಗೊಮ್ಮೆ ಹುಟ್ಟುವ ಬಲವಾದ ಪೀಳಿಗೆಯೊಂದು ಹತ್ತು ಹದಿನೈದು ವರ್ಷ ಇಡೀ ಕರಾವಳಿಯ ಗಾಳಗಾರಿಕೆಯನ್ನು ಹೊತ್ತು ನಡೆಸುತ್ತದೆ. ಮರಿಗಳು ಕೆಲವು ವರ್ಷ ಕೊಲ್ಲಿಯಲ್ಲೇ ಬೆಳೆಯುತ್ತವೆ. ನಂತರ ಹೆಣ್ಣುಗಳಲ್ಲಿ ಹೆಚ್ಚಿನವು ಕಡಲಿಗಿಳಿದು, ಬೇಸಿಗೆಯಲ್ಲಿ ನ್ಯೂ ಇಂಗ್ಲೆಂಡ್‌ವರೆಗೂ ಹೋಗಿ, ಚಳಿಗಾಲಕ್ಕೆ ವರ್ಜೀನಿಯಾ ಮತ್ತು ಉತ್ತರ ಕೆರೊಲಿನಾದ ಆಚೆಯ ಕಡಲಿಗೆ ಹಿಂದಿರುಗುತ್ತವೆ. ಆರನೆಯ ವಯಸ್ಸಿನ ಹೊತ್ತಿಗೂ ಹೆಣ್ಣುಗಳೆಲ್ಲ ಬಲಿತಿರುವುದಿಲ್ಲ. ಒಂದು ರಾಜ್ಯದ ನದಿಯಲ್ಲಿ ಹುಟ್ಟಿ, ಹತ್ತು ರಾಜ್ಯಗಳ ಗಾಳ ದಾಟಿ, ಮತ್ತೆ ಹುಟ್ಟಿದ ನದಿಗೆ ಬರಬೇಕಾದ ಮೀನನ್ನು ಯಾವ ರಾಜ್ಯವೂ ಒಂಟಿಯಾಗಿ ಕಾಪಾಡಲಾರದು.

ಈ ಮೀನಿನ ಬಗ್ಗೆ ಕಾನೂನು ಮಾಡುವ ರೂಢಿ ಬಹಳ ಹಳೆಯದು. 1639ರಲ್ಲೇ ಮ್ಯಾಸಚೂಸೆಟ್ಸ್ ಬೇ ವಸಾಹತು ಕಾಡ್ ಮತ್ತು ಬಾಸ್ ಮೀನುಗಳನ್ನು ಹೊಲಕ್ಕೆ ಗೊಬ್ಬರವಾಗಿ ಹಾಕಬಾರದೆಂದು ಆಜ್ಞೆ ಹೊರಡಿಸಿತು. 1879ರಲ್ಲಿ ನ್ಯೂಜೆರ್ಸಿಯ ನದಿಯೊಂದರಿಂದ ನೂರಮೂವತ್ತರಷ್ಟು ಮರಿಗಳನ್ನು ರೈಲಿನಲ್ಲಿ ಸಾಗಿಸಿ ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಗೆ ಬಿಡಲಾಯಿತು. ಪೆಸಿಫಿಕ್ ಕರಾವಳಿಯಲ್ಲೂ ಈ ಮೀನು ಇರುವುದು ಹೀಗೆ. ಆದರೆ ಇಡೀ ಅಟ್ಲಾಂಟಿಕ್ ಕರಾವಳಿಗೆ ಒಂದೇ ಯೋಜನೆ ಬೇಕೆಂಬುದು ಸಂತತಿ ಕುಸಿದ ಮೇಲಷ್ಟೇ ಎಲ್ಲರಿಗೂ ಮನವರಿಕೆಯಾಯಿತು.

ಕುಸಿತ ಬಂದದ್ದು 1970ರ ದಶಕದಲ್ಲಿ. 1970ರ ಪೀಳಿಗೆ ಬಲವಾಗಿತ್ತು. ಅದರ ಬೆಂಬಲದಿಂದ 1973ರಲ್ಲಿ ವಾಣಿಜ್ಯ ಹಿಡಿತ ಸುಮಾರು 6,800 ಟನ್‌ಗೆ ಏರಿತು. ಹತ್ತೇ ವರ್ಷದಲ್ಲಿ, 1983ಕ್ಕೆ, ಅದು ಸುಮಾರು 1,600 ಟನ್‌ಗೆ ಇಳಿದಿತ್ತು. ನದಿಗಳ ಮಾಲಿನ್ಯ, ಆಮ್ಲಮಳೆ ಎಂದು ಹಲವು ಕಾರಣಗಳ ಚರ್ಚೆ ನಡೆಯಿತು. 1979ರಲ್ಲಿ ಅಮೆರಿಕದ ಕಾಂಗ್ರೆಸ್ ಇದಕ್ಕೆಂದೇ ತುರ್ತು ಅಧ್ಯಯನವೊಂದಕ್ಕೆ ಅನುಮತಿ ನೀಡಿತು. ಅಧ್ಯಯನ ಮುಂದುವರಿದಂತೆ ಮುಖ್ಯ ಕಾರಣ ಸ್ಪಷ್ಟವಾಗುತ್ತಾ ಹೋಯಿತು. ಚೆಸಪೀಕ್ ಕೊಲ್ಲಿಯಲ್ಲಿ 12 ಇಂಚಿನ ಮೀನನ್ನೂ ಹಿಡಿಯಲು ಅವಕಾಶವಿತ್ತು. ಅಷ್ಟು ಉದ್ದದ ಹೆಣ್ಣು ಒಮ್ಮೆಯೂ ಮೊಟ್ಟೆಯಿಟ್ಟಿರುವುದಿಲ್ಲ. ಒಳ್ಳೆಯ ಪೀಳಿಗೆ ತಾಯಾಗುವ ಮೊದಲೇ ಮುಗಿದುಹೋಗಿತ್ತು.

ಅಟ್ಲಾಂಟಿಕ್ ರಾಜ್ಯಗಳ ಸಮುದ್ರ ಮೀನುಗಾರಿಕೆ ಆಯೋಗ 1942ರಿಂದಲೂ ಇತ್ತು. ಮೇನ್‌ನಿಂದ ಫ್ಲಾರಿಡಾದವರೆಗಿನ 15 ರಾಜ್ಯಗಳು ಅದರ ಸದಸ್ಯರು. 1981ರಲ್ಲಿ ಅದು ಸ್ಟ್ರೈಪ್ಡ್ ಬಾಸ್‌ಗೆ ಮೊದಲ ಅಂತರರಾಜ್ಯ ಯೋಜನೆ ರೂಪಿಸಿತು. ಆದರೆ ಯೋಜನೆಯನ್ನು ಪಾಲಿಸದ ರಾಜ್ಯವನ್ನು ಕೇಳುವವರಿರಲಿಲ್ಲ. 1984ರ ಅಟ್ಲಾಂಟಿಕ್ ಸ್ಟ್ರೈಪ್ಡ್ ಬಾಸ್ ಸಂರಕ್ಷಣಾ ಕಾಯ್ದೆ ಈ ಕೊರತೆಯನ್ನು ನೀಗಿಸಿತು: ಯೋಜನೆಯಿಂದ ತಪ್ಪಿಸಿಕೊಳ್ಳುವ ರಾಜ್ಯದ ನೀರಿನಲ್ಲಿ ಈ ಮೀನನ್ನು ಹಿಡಿಯುವುದನ್ನೇ ಕೇಂದ್ರ ಸರ್ಕಾರ ನಿಲ್ಲಿಸಬಹುದು. ಒಂದೇ ಜಾತಿಯ ಮೀನಿಗಾಗಿ ಇಷ್ಟು ಬಿಗಿಯಾದ ಕಾನೂನು ಬಂದದ್ದು ದೊಡ್ಡ ಹೆಜ್ಜೆ. 1993ರಲ್ಲಿ ಬಂದ ಇನ್ನೊಂದು ಕಾಯ್ದೆ ಇದೇ ಅಧಿಕಾರವನ್ನು ಕರಾವಳಿಯ ಉಳಿದ ಮೀನುಗಳಿಗೂ ವಿಸ್ತರಿಸಿತು. ಮೇರಿಲ್ಯಾಂಡ್ 1985ರ ಜನವರಿ 1ರಿಂದ ಸ್ಟ್ರೈಪ್ಡ್ ಬಾಸ್ ಹಿಡಿಯುವುದನ್ನು ಪೂರ್ತಿ ನಿಷೇಧಿಸಿತು. ಡೆಲವೇರ್ ಕೂಡ ನಿಷೇಧ ತಂದಿತು, 1989ರಲ್ಲಿ ವರ್ಜೀನಿಯಾ ಜೊತೆಗೂಡಿತು. ಉಳಿದ ರಾಜ್ಯಗಳು ಕನಿಷ್ಠ ಗಾತ್ರವನ್ನು ಏರಿಸುತ್ತಾ ಹೋದವು. ಗುರಿ ಬಹಳ ಸರಳವಾಗಿತ್ತು. 1982ರಲ್ಲಿ ಹುಟ್ಟಿದ, ಒಂದು ಮಟ್ಟಿಗೆ ಪರವಾಗಿಲ್ಲ ಎನ್ನಬಹುದಾದ ಪೀಳಿಗೆ ಹಾಗೂ ಅದರ ನಂತರದವುಗಳ ಹೆಣ್ಣುಗಳಲ್ಲಿ ಶೇ. 95ರಷ್ಟು ಒಮ್ಮೆಯಾದರೂ ಮೊಟ್ಟೆಯಿಡುವವರೆಗೆ ಅವುಗಳನ್ನು ಮುಟ್ಟಬಾರದು. ಮೀನು ಬೆಳೆದಂತೆ ಕನಿಷ್ಠ ಗಾತ್ರದ ಮಿತಿಯೂ ಅದರ ಮುಂದೆ ಮುಂದೆ ಸರಿಯಿತು.

ನಿಷೇಧ ಯಾವಾಗ ತೆಗೆಯಬೇಕೆಂಬುದನ್ನು ಹೇಳಲು ಒಂದು ಅಳತೆ ಬೇಕಿತ್ತು. ಅದನ್ನು ಒದಗಿಸಿದ್ದು ಮೇರಿಲ್ಯಾಂಡ್‌ನ ಮರಿಮೀನು ಸಮೀಕ್ಷೆ. 1954ರಿಂದ ನಡೆದುಬಂದಿರುವ ಈ ಸಮೀಕ್ಷೆ ಕರಾವಳಿ ಮೀನುಗಳ ಮೇಲೆ ನಿಗಾ ಇಡುವ ಕೆಲಸದ ಅತ್ಯುತ್ತಮ ಮಾದರಿಗಳಲ್ಲೊಂದು, ಮತ್ತು ಅದರ ಉಪಕರಣ ಒಂದು ಬಲೆ ಮಾತ್ರ. ಕರ್ನಾಟಕದ ಕರಾವಳಿಯ ಕೈರಂಪಣಿಯ ಹಾಗೆ ದಡದಿಂದಲೇ ಎಳೆಯುವ ಬಲೆ ಅದು. ಉದ್ದ ಸುಮಾರು 30 ಮೀಟರ್, ಎತ್ತರ ಸುಮಾರು 1.2 ಮೀಟರ್. ಒಂದು ತುದಿಯನ್ನು ದಡದಲ್ಲಿ ಹಿಡಿದು ನಿಲ್ಲುತ್ತಾರೆ. ಇನ್ನೊಂದು ತುದಿಯನ್ನು ನೀರಿಗೆ ನೇರವಾಗಿ ಎಳೆದುಕೊಂಡು ಹೋಗಿ, ಹರಿವಿನ ಜೊತೆ ಕಾಲುವೃತ್ತದಲ್ಲಿ ಸುತ್ತಿ ದಡಕ್ಕೆ ತರುತ್ತಾರೆ. ಬಲೆಯಲ್ಲಿ ಬಂದದ್ದನ್ನೆಲ್ಲ ಜಾತಿವಾರು ಬೇರ್ಪಡಿಸಿ ಎಣಿಸುತ್ತಾರೆ. ಸ್ಟ್ರೈಪ್ಡ್ ಬಾಸ್ ಮರಿಗಳ ಉದ್ದ ಅಳೆದು, ಆ ವರ್ಷ ಹುಟ್ಟಿದ್ದು ಯಾವುದು, ಹಿಂದಿನ ವರ್ಷದ್ದು ಯಾವುದು ಎಂದು ತೀರ್ಮಾನಿಸುತ್ತಾರೆ. ಎಣಿಸಿದ ಮೀನುಗಳನ್ನು ಮತ್ತೆ ನೀರಿಗೆ ಬಿಡುತ್ತಾರೆ. ಚಾಪ್ಟ್ಯಾಂಕ್, ಪೊಟೊಮ್ಯಾಕ್, ನ್ಯಾಂಟಿಕೋಕ್ ನದಿಗಳು ಮತ್ತು ಕೊಲ್ಲಿಯ ಮೇಲ್ಭಾಗ ಸೇರಿ 22 ಗೊತ್ತಾದ ಸ್ಥಳಗಳಿವೆ. ಜುಲೈ, ಆಗಸ್ಟ್, ಸೆಪ್ಟೆಂಬರ್‌ಗಳಲ್ಲಿ ತಲಾ ಒಂದು ಸುತ್ತು, ಪ್ರತಿ ಸ್ಥಳದಲ್ಲಿ ಎರಡು ಎಳೆತ, ಒಟ್ಟು 132 ಎಳೆತ. ಒಂದು ಎಳೆತಕ್ಕೆ ಸರಾಸರಿ ಎಷ್ಟು ಮರಿ ಸಿಕ್ಕಿತೋ ಅದೇ ಆ ವರ್ಷದ ಸೂಚ್ಯಂಕ. ದೀರ್ಘಾವಧಿಯ ಸರಾಸರಿ ಸುಮಾರು 11. ಈ ಸಂಖ್ಯೆಯ ಬೆಲೆ ಇರುವುದು ಅದರ ಹಠದಲ್ಲಿ: ಅದೇ ಬಲೆ, ಅದೇ ತಿಂಗಳು, ಅದೇ ವಿಧಾನ, ಏಳು ದಶಕ. ಮರಿಗಳು ಗಾಳಕ್ಕೆ ಸಿಗುವ ಗಾತ್ರ ತಲುಪಲು ಮೂರು ನಾಲ್ಕು ವರ್ಷ ಬೇಕು. ಅಷ್ಟು ಮುಂಚೆಯೇ ಮುಂದೆ ಬರುವುದು ಸುಗ್ಗಿಯೋ ಬರವೋ ಎಂಬುದು ಈ ದಡದ ಎಣಿಕೆಯಿಂದ ತಿಳಿಯುತ್ತದೆ.

ನಿಷೇಧದ ಕಾಲದಲ್ಲಿ ಗೊತ್ತುಪಡಿಸಿದ ಷರತ್ತು ಹೀಗಿತ್ತು: ಮೂರು ವರ್ಷಗಳ ಸೂಚ್ಯಂಕದ ಸರಾಸರಿ 8 ದಾಟಬೇಕು. 1989ರಲ್ಲಿ ಸೂಚ್ಯಂಕ 25ಕ್ಕೆ ನೆಗೆದು ಷರತ್ತು ಪೂರೈಸಿತು. ಕೆಲವೇ ಎಳೆತಗಳಲ್ಲಿ ರಾಶಿರಾಶಿ ಮರಿ ಬಂದದ್ದರಿಂದ ಸರಾಸರಿ ಉಬ್ಬಿದೆ ಎಂಬ ಆಕ್ಷೇಪ ಆಗ ಜೋರಾಗಿಯೇ ಕೇಳಿಬಂತು. ಆಕ್ಷೇಪದಲ್ಲಿ ಹುರುಳಿತ್ತು. ಮರಿಗಳು ಹಿಂಡಾಗಿ ತಿರುಗುವುದರಿಂದ ಸಾಮಾನ್ಯ ಸರಾಸರಿ ಒಂದು ಅದೃಷ್ಟದ ಎಳೆತಕ್ಕೆ ಸುಲಭವಾಗಿ ಬಾಗುತ್ತದೆ. ಅಂಥ ವಿಪರೀತಗಳಿಗೆ ಅಷ್ಟಾಗಿ ಜಗ್ಗದ ಗುಣೋತ್ತರ ಸರಾಸರಿಯನ್ನೂ ಲೆಕ್ಕ ಹಾಕುವುದು ಇದಕ್ಕೇ. ಹೇಗೂ 1990ರಲ್ಲಿ ಕಟ್ಟುನಿಟ್ಟಾದ ಮಿತಿಗಳೊಂದಿಗೆ ಮೀನುಗಾರಿಕೆ ಮತ್ತೆ ತೆರೆಯಿತು. ಕರಾವಳಿಯಿಂದ ಮೂರು ಮೈಲಿ ಆಚೆಯ ಕೇಂದ್ರಾಡಳಿತದ ಕಡಲು ಮಾತ್ರ ಅದೇ ವರ್ಷ ಮುಚ್ಚಿದ್ದು ಮತ್ತೆ ತೆರೆದಿಲ್ಲ. 1993ರಲ್ಲಿ ಸೂಚ್ಯಂಕ 39ಕ್ಕೂ ಮೇಲೆ ಹೋಯಿತು, 1996ರಲ್ಲಿ 59ಕ್ಕೆ ಮುಟ್ಟಿತು. 1995ರಲ್ಲಿ ಆಯೋಗ ಸಂತತಿ ಚೇತರಿಸಿಕೊಂಡಿದೆ ಎಂದು ಘೋಷಿಸಿತು. ಮುಂದೆ 1995ರ ಸ್ಥಿತಿಯೇ ಅಳತೆಗೋಲಾಯಿತು: ಆ ವರ್ಷ ಮೊಟ್ಟೆಯಿಡುವ ಹೆಣ್ಣುಗಳ ಒಟ್ಟು ತೂಕ ಎಷ್ಟಿತ್ತೋ ಅದಕ್ಕಿಂತ ಕೆಳಗಿಳಿದರೆ ಸಂತತಿ ಕುಸಿದಿದೆ ಎಂದರ್ಥ, ಅದಕ್ಕಿಂತ ಕಾಲು ಪಾಲು ಹೆಚ್ಚಿರಬೇಕು ಎಂಬುದು ಗುರಿ.

ದೊಡ್ಡ ಮೀನುಗಳ ಲೆಕ್ಕಕ್ಕೆ ಬೇರೆ ದಾರಿಗಳಿವೆ. ಹುರುಪೆಯಲ್ಲೂ ಕಿವಿಯೊಳಗಿನ ಪುಟ್ಟ ಕಲ್ಲಿನಲ್ಲೂ ವರ್ಷಕ್ಕೊಂದರಂತೆ ಮೂಡುವ ಬಳೆಗಳನ್ನು ಎಣಿಸಿ ವಯಸ್ಸು ತಿಳಿಯುತ್ತಾರೆ. ಮೊಟ್ಟೆಯಿಡುವ ನದಿಗಳಲ್ಲಿ ಗಿಲ್‌ನೆಟ್ ಹಾಕಿ ತಾಯಿಮೀನುಗಳ ವಯಸ್ಸಿನ ಹಂಚಿಕೆ ನೋಡುತ್ತಾರೆ. 1980ರ ದಶಕದ ನಡುವಿನಿಂದ ಕೇಂದ್ರದ ಮೀನು ಮತ್ತು ವನ್ಯಜೀವಿ ಸೇವೆಯೂ ರಾಜ್ಯಗಳೂ ಕೂಡಿ ಮೀನುಗಳಿಗೆ ಸಂಖ್ಯೆಯಿರುವ ಟ್ಯಾಗ್ ಹಾಕಿ ಬಿಡುತ್ತಿವೆ. ಅಂಥ ಮೀನು ಸಿಕ್ಕ ಗಾಳಗಾರ ಟ್ಯಾಗಿನ ಮೇಲಿನ ಫೋನ್ ನಂಬರಿಗೆ ಸುದ್ದಿ ಮುಟ್ಟಿಸಿದರೆ ಮೀನು ಎಲ್ಲಿಂದ ಎಲ್ಲಿಗೆ ಹೋಯಿತು, ಎಷ್ಟು ಉಳಿದವು ಎಂಬುದು ಗೊತ್ತಾಗುತ್ತದೆ. ಇವನ್ನೆಲ್ಲ ಕೂಡಿಸಿ ಗಣಿತದ ಮಾದರಿಯೊಂದು ಸಂತತಿಯ ಗಾತ್ರವನ್ನು ಅಂದಾಜಿಸುತ್ತದೆ. ಆದರೆ ಆ ಮಾದರಿಗೆ ಇನ್ನೊಂದು ಸಂಖ್ಯೆ ಬೇಕೇ ಬೇಕು: ವರ್ಷಕ್ಕೆ ಮನುಷ್ಯರಿಂದ ಸತ್ತ ಮೀನೆಷ್ಟು?

ಕಷ್ಟವಿರುವುದು ಇಲ್ಲಿ. ವಾಣಿಜ್ಯ ಮೀನು ಯಾವುದಾದರೂ ಒಂದು ಧಕ್ಕೆಯಲ್ಲಿ ಇಳಿಯುತ್ತದೆ. ಮಲ್ಪೆ, ಮಂಗಳೂರಿನಂಥ ಬಂದರುಗಳಲ್ಲಿ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಸಿಬ್ಬಂದಿ ಮೀನಿಳಿಯುವ ಜಾಗದಲ್ಲೇ ನಿಂತು ಮಾದರಿ ಲೆಕ್ಕ ತೆಗೆಯುತ್ತಾರೆ. ಹವ್ಯಾಸಿಯ ಮೀನಿಗೆ ಧಕ್ಕೆಯಿಲ್ಲ, ಹರಾಜಿಲ್ಲ, ಬಿಲ್ಲಿಲ್ಲ. ಅದು ದಡದ ಬಂಡೆಯಿಂದ, ಸೇತುವೆಯಿಂದ, ಮನೆಯ ಹಿತ್ತಿಲಿನ ಖಾಸಗಿ ಜೆಟ್ಟಿಯಿಂದ ನೇರ ಅಡುಗೆಮನೆಗೆ ಹೋಗುತ್ತದೆ. ರಾತ್ರಿ ಹಿಡಿದದ್ದನ್ನು ನೋಡುವವರೇ ಇಲ್ಲ. ಆದ್ದರಿಂದ ಅಮೆರಿಕ ಎರಡು ಸಮೀಕ್ಷೆಗಳನ್ನು ಗುಣಿಸುತ್ತದೆ. ಒಂದರಲ್ಲಿ ರಾಜ್ಯದ ಸಿಬ್ಬಂದಿ ಮೊದಲೇ ಆರಿಸಿದ ದಿನ, ಆರಿಸಿದ ದಡಕ್ಕೆ ಹೋಗಿ ಮನೆಗೆ ಹೊರಟ ಗಾಳಗಾರರನ್ನು ಮಾತನಾಡಿಸುತ್ತಾರೆ. ಇಟ್ಟುಕೊಂಡ ಮೀನನ್ನು ಅಳೆದು ತೂಗುತ್ತಾರೆ, ಬಿಟ್ಟ ಮೀನಿನ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳುತ್ತಾರೆ. ಇದರಿಂದ ಒಂದು ಸಲ ಹೋದರೆ ಸಿಗುವ ಮೀನಿನ ಸರಾಸರಿ ಸಿಗುತ್ತದೆ. ಇನ್ನೊಂದರಲ್ಲಿ ಕರಾವಳಿ ರಾಜ್ಯಗಳ ಮನೆವಿಳಾಸಗಳಿಂದ ಕೆಲವನ್ನು ಆರಿಸಿ, ಹಿಂದಿನ ಎರಡು ತಿಂಗಳಲ್ಲಿ ಮನೆಯವರು ಎಷ್ಟು ಸಲ ಮೀನು ಹಿಡಿಯಲು ಹೋಗಿದ್ದರು ಎಂದು ಅಂಚೆಯಲ್ಲಿ ಕೇಳುತ್ತಾರೆ. ಇದರಿಂದ ಒಟ್ಟು ಎಷ್ಟು ಸಲ ಹೋದರು ಎಂಬುದು ತಿಳಿಯುತ್ತದೆ. ಎರಡರ ಗುಣಲಬ್ಧವೇ ಒಟ್ಟು ಹಿಡಿತ. ಬಾಡಿಗೆ ದೋಣಿಗಳಿಗೆ ಪ್ರತ್ಯೇಕ ಲೆಕ್ಕವಿದೆ. ಇಡೀ ಕರಾವಳಿಗೆ, ಇಡೀ ವರ್ಷಕ್ಕೆ ಈ ಅಂದಾಜು ಚೆನ್ನಾಗಿ ನಿಲ್ಲುತ್ತದೆ. ಒಂದು ಸಣ್ಣ ರಾಜ್ಯದ ಎರಡು ತಿಂಗಳ ಲೆಕ್ಕಕ್ಕೆ ಇಳಿದಾಗ ದೋಷದ ಪ್ರಮಾಣ ಎಷ್ಟೋ ಸಲ ಸಂಖ್ಯೆಯನ್ನೇ ನುಂಗಿಬಿಡುತ್ತದೆ. ಅಂಥ ಸಂಖ್ಯೆಯ ಮೇಲೆ ಒಂದು ಊರಿನ ಋತುವನ್ನು ಮುಚ್ಚಿದಾಗ ಗಾಳಗಾರರು ಸಿಟ್ಟಾಗುವುದು ಸಹಜ.

ಈ ಪದ್ಧತಿಯ ಮೊದಲ ರೂಪ 1979ರಲ್ಲಿ ಶುರುವಾಯಿತು. ಆಗ ಅಂಚೆಯ ಬದಲು ಮನೆಯ ದೂರವಾಣಿಗೆ ಕರೆ ಮಾಡುತ್ತಿದ್ದರು. 2006ರಲ್ಲಿ ರಾಷ್ಟ್ರೀಯ ಸಂಶೋಧನಾ ಮಂಡಳಿ ಅದರಲ್ಲಿ ಗಂಭೀರ ಕುಂದುಗಳಿವೆ ಎಂದಿತು. ಮನೆಗಳಿಂದ ಸ್ಥಿರ ದೂರವಾಣಿ ಮಾಯವಾಗುತ್ತಿದ್ದಂತೆ ಕರೆಗೆ ಸಿಗುವವರೇ ಕಡಿಮೆಯಾದರು. 2018ರಲ್ಲಿ ಅಂಚೆ ಸಮೀಕ್ಷೆ ಪೂರ್ತಿಯಾಗಿ ಜಾರಿಗೆ ಬಂದು, ಹಿಂದಿನ ವರ್ಷಗಳ ಸಂಖ್ಯೆಗಳನ್ನೂ ಅದಕ್ಕೆ ಹೊಂದಿಸಿ ತಿದ್ದಿದಾಗ ಸ್ಟ್ರೈಪ್ಡ್ ಬಾಸ್‌ನ ಹವ್ಯಾಸಿ ಹಿಡಿತ ಮೊದಲು ತಿಳಿದಿದ್ದರ ಎರಡು ಪಟ್ಟಿಗೂ ಹೆಚ್ಚೆಂದು ಗೊತ್ತಾಯಿತು. ಅಷ್ಟು ಮೀನು ಹಿಡಿದಿದ್ದರೆ ಕಡಲಲ್ಲಿ ಅಷ್ಟು ಮೀನು ಇದ್ದಿರಲೇಬೇಕು. ಹಾಗಾಗಿ ಸಂತತಿಯ ಅಂದಾಜೂ ಮೇಲೇರಿತು. ಸಮಾಧಾನ ಅಲ್ಲಿಗೇ ಮುಗಿಯಿತು. ಏರಿದ ಅಳತೆಗೋಲಿನಲ್ಲಿ ಮತ್ತೆ ಅಳೆದಾಗ 2017ರಲ್ಲಿ ಸಂತತಿ ಕುಸಿದಿತ್ತು, ಹಿಡಿತ ಮಿತಿ ಮೀರಿತ್ತು. ಮೊಟ್ಟೆಯಿಡುವ ಹೆಣ್ಣುಗಳ ತೂಕ ಸುಮಾರು 68,500 ಟನ್. ಇರಬೇಕಾದ ಕನಿಷ್ಠ 91,400 ಟನ್. 2023ರಲ್ಲಿ ಕೇಂದ್ರದ ಸಾಗರ ಸಂಸ್ಥೆ ನೋವಾ ಇನ್ನೊಂದು ಸಂಗತಿ ಪ್ರಕಟಿಸಿತು. ಪ್ರಶ್ನಾವಳಿಯಲ್ಲಿ ಪ್ರಶ್ನೆಗಳ ಕ್ರಮ ಬದಲಾಯಿಸಿ ಪರೀಕ್ಷಿಸಿದಾಗ, ಜನ ಹೇಳುವ ಭೇಟಿಗಳ ಸಂಖ್ಯೆ ಶೇ. 30ರಿಂದ 40ರಷ್ಟು ಇಳಿಯಿತು. ಒಂದು ಕಾಗದದಲ್ಲಿ ಯಾವ ಪ್ರಶ್ನೆ ಮೊದಲು ಬರುತ್ತದೆ ಎಂಬುದು ಕಡಲಿನ ಮೀನಿನ ಲೆಕ್ಕವನ್ನು ಇಷ್ಟು ಅಲುಗಾಡಿಸಬಲ್ಲದು. ಆದರೂ ಸಮೀಕ್ಷೆಯನ್ನು ಕೈಬಿಡುವುದು ಪರಿಹಾರವಲ್ಲ. ದೋಷ ಎಷ್ಟೆಂದು ಗೊತ್ತಿರುವ ಅಂದಾಜು ಊಹೆಗಿಂತ ಯಾವಾಗಲೂ ಮೇಲು.

ಈ ಮೀನಿನ ವಿಷಯದಲ್ಲಿ ಎಲ್ಲಕ್ಕಿಂತ ಅನಿರೀಕ್ಷಿತ ಸಂಗತಿ ಹಿಡಿದು ಬಿಟ್ಟ ಮೀನುಗಳದು. ನಿಷೇಧದ ಕಾಲದಿಂದ ಬೆಳೆದುಬಂದ ಒಳ್ಳೆಯ ನಡತೆಯ ಪ್ರಕಾರ ಹವ್ಯಾಸಿಗಳು ತಾವು ಹಿಡಿದದ್ದರಲ್ಲಿ ಬಹುಪಾಲನ್ನು ಮತ್ತೆ ನೀರಿಗೆ ಬಿಡುತ್ತಾರೆ. ಬಿಟ್ಟ ಮೀನುಗಳೆಲ್ಲ ಬದುಕುವುದಿಲ್ಲ. ಗಾಳ ಹೊಟ್ಟೆಗೆ ಇಳಿದಿರಬಹುದು, ಕಿವಿರು ಹರಿದಿರಬಹುದು. ಬೆಚ್ಚಗಿನ ನೀರಿನಲ್ಲಿ ಹೋರಾಡಿ ಬಳಲಿದ ಮೀನು ಈಜಿ ಮರೆಯಾದ ಮೇಲೂ ಸಾಯಬಹುದು. ಮ್ಯಾಸಚೂಸೆಟ್ಸ್‌ನಲ್ಲಿ ಉಪ್ಪುನೀರಿನ ಕೊಳವೊಂದರಲ್ಲಿ ನಡೆಸಿ 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಾವಿನ ಪ್ರಮಾಣ ಶೇ. 9 ಎಂದು ಕಂಡಿತು. ಸಂತತಿಯ ಲೆಕ್ಕದಲ್ಲಿ ಇಂದಿಗೂ ಬಳಸುವುದು ಅದನ್ನೇ. ನೂರಕ್ಕೆ ಒಂಬತ್ತು ಸಣ್ಣದಾಗಿ ಕಾಣುತ್ತದೆ. ಆದರೆ ವರ್ಷಕ್ಕೆ ಕೋಟಿಗಟ್ಟಲೆ ಮೀನು ಬಿಟ್ಟಾಗ ಮೊತ್ತ ದೊಡ್ಡದಾಗುತ್ತದೆ. 2017ರಲ್ಲಿ ಮೀನುಗಾರಿಕೆಯಿಂದ ಸತ್ತ ಸ್ಟ್ರೈಪ್ಡ್ ಬಾಸ್‌ಗಳಲ್ಲಿ ಶೇ. 48 ಹೀಗೆ ಬಿಟ್ಟ ಮೇಲೆ ಸತ್ತವು. ಹವ್ಯಾಸಿಗಳು ಮನೆಗೆ ಒಯ್ದದ್ದು ಶೇ. 42. ವಾಣಿಜ್ಯ ಮೀನುಗಾರರ ಪಾಲು ಅವರು ಎಸೆದ ಮೀನೂ ಸೇರಿ ಶೇ. 10. ಮೀನನ್ನು ಕೊಲ್ಲದಿರಲೆಂದೇ ಬಿಡುವ ಜನರ ಕೈಯಲ್ಲಿ ಅತಿ ಹೆಚ್ಚು ಸಾವು ನಡೆಯುತ್ತಿದೆ ಎಂಬುದು ಯಾರಿಗೂ ಹಿತವಾದ ಮಾತಲ್ಲ. ಆದರೆ ದಿನಕ್ಕೆ ಇಷ್ಟೇ ಮೀನು ಒಯ್ಯಬಹುದೆಂಬ ಮಿತಿಯೊಂದರಿಂದಲೇ ಇದನ್ನು ತಡೆಯಲಾಗದು. ಮಿತಿ ಬಿಗಿಯಾದಷ್ಟೂ ಬಿಡುವ ಮೀನು ಹೆಚ್ಚಾಗುತ್ತದೆ.

ಅದಕ್ಕಾಗಿ ಸಾಧನಗಳ ಮೇಲೂ ಋತುವಿನ ಮೇಲೂ ನಿಯಮ ಬಂತು. 2021ರಿಂದ ಮೀನು, ಹುಳಗಳಂಥ ಎರೆ ಕಟ್ಟಿ ಸ್ಟ್ರೈಪ್ಡ್ ಬಾಸ್ ಹಿಡಿಯುವವರು ಸರ್ಕಲ್ ಹುಕ್ ಬಳಸುವುದು ಕಡ್ಡಾಯ. ಇದರ ಮೊನೆ ಒಳಕ್ಕೆ ಬಾಗಿರುವುದರಿಂದ ಮೀನು ಎರೆ ನುಂಗಿದರೂ ಗಾಳ ಹೊಟ್ಟೆಯಲ್ಲಿ ಚುಚ್ಚದೆ ಜಾರಿ ಬಂದು ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ಕೊಕ್ಕೆಯಿಂದ ಇರಿದು ಮೇಲೆತ್ತುವುದಕ್ಕೆ 2022ರ ತಿದ್ದುಪಡಿ ತಡೆ ಹಾಕಿತು. ಚೆಸಪೀಕ್‌ನಲ್ಲಿ ನಡುಬೇಸಿಗೆ ವಿಶೇಷ ಅಪಾಯದ ಕಾಲ. ಮೇಲಿನ ನೀರು ಕಾಯುತ್ತದೆ, ಕೆಳಗಿನ ನೀರಿನಲ್ಲಿ ಗೊಬ್ಬರದ ಸಾರದಿಂದ ಬೆಳೆದ ಪಾಚಿ ಕೊಳೆತು ಆಮ್ಲಜನಕ ಬರಿದಾಗುತ್ತದೆ. ನಡುವಿನ ತೆಳು ಪದರದಲ್ಲಿ ಮೀನು ಸಿಕ್ಕಿಬೀಳುತ್ತದೆ. ಅಂಥ ಹೊತ್ತಿನಲ್ಲಿ ಗಾಳಕ್ಕೆ ಸಿಕ್ಕು ಬಿಡುಗಡೆಯಾದ ಮೀನು ಚೇತರಿಸಿಕೊಳ್ಳುವುದು ಕಷ್ಟ. ಮೇರಿಲ್ಯಾಂಡ್ 2021ರಲ್ಲಿ ಜುಲೈ 16ರಿಂದ 31ರವರೆಗೆ ಈ ಮೀನಿಗೆ ಗಾಳ ಹಾಕುವುದನ್ನೇ ನಿಲ್ಲಿಸಿತು. ಹಿಡಿದು ಬಿಡುವುದಕ್ಕೂ ಅವಕಾಶವಿರಲಿಲ್ಲ ಎಂಬುದೇ ಇದರ ಮುಖ್ಯಾಂಶ.

ಗಾತ್ರದ ಮಿತಿಯಲ್ಲೂ ಧೋರಣೆ ಬದಲಾಯಿತು. ಮೊದಲು 28 ಇಂಚಿಗಿಂತ ಸಣ್ಣದನ್ನು ಬಿಡಬೇಕಿತ್ತು, ದೊಡ್ಡದನ್ನು ಒಯ್ಯಬಹುದಿತ್ತು. ಆದರೆ ಅತಿ ಹೆಚ್ಚು ಮೊಟ್ಟೆಯಿಡುವುದು ದೊಡ್ಡ ತಾಯಿಮೀನುಗಳೇ. 2020ರಲ್ಲಿ ಕರಾವಳಿಯ ಗಾಳಗಾರರಿಗೆ ದಿನಕ್ಕೆ ಒಂದು ಮೀನು, ಅದೂ 28ರಿಂದ 35 ಇಂಚಿನ ಒಳಗಿನದು ಎಂದಾಯಿತು. ಸಣ್ಣದೂ ದೊಡ್ಡದೂ ಉಳಿಯಲಿ ಎಂಬ ಲೆಕ್ಕ. 2022ರಲ್ಲಿ ಈ ಲೆಕ್ಕ ತಪ್ಪಿತು. ಸೂಚ್ಯಂಕ 24 ದಾಟಿದ್ದ 2015ರ ಬಲವಾದ ಪೀಳಿಗೆ ಆ ವರ್ಷ ಸರಿಯಾಗಿ 28 ಇಂಚಿನ ಗೆರೆ ದಾಟಿ ಒಳಬಂತು. ಹವ್ಯಾಸಿಗಳು ಮನೆಗೊಯ್ದ ಮೀನು ಹಿಂದಿನ ವರ್ಷದ ಹತ್ತಿರಹತ್ತಿರ ಎರಡು ಪಟ್ಟಾಯಿತು. ಸಂತತಿ ಚೇತರಿಸಿಕೊಳ್ಳಬೇಕಾದದ್ದು ಇದೇ ಪೀಳಿಗೆಯ ಬಲದಿಂದ. 2023ರ ಮೇ ತಿಂಗಳಲ್ಲಿ ಆಯೋಗ ತುರ್ತಾಗಿ ಮೇಲಿನ ಮಿತಿಯನ್ನು 31 ಇಂಚಿಗೆ ಇಳಿಸಿತು, ಮರುವರ್ಷ ಅದನ್ನು ಯೋಜನೆಯಲ್ಲೇ ಸೇರಿಸಿತು. 1982ರ ಪೀಳಿಗೆಯನ್ನು ಕಾಪಾಡಿದ ಅದೇ ವಿಚಾರ ಇಲ್ಲಿ ತಿರುಗುಮುರುಗಾಗಿ ಬಂದಿದೆ. ಅಂದು ಮೀನು ಬೆಳೆದಂತೆ ಕೆಳಗಿನ ಗೆರೆ ಮೇಲೇರಿತು. ಇಂದು ಮೀನು ಬೇಗ ಗೆರೆ ದಾಟಿ ಸುರಕ್ಷಿತವಾಗಲೆಂದು ಮೇಲಿನ ಗೆರೆ ಕೆಳಗಿಳಿದಿದೆ.

ವಾಣಿಜ್ಯ ಮೀನುಗಾರರಿಗೆ ತೂಕದ ಕೋಟಾ ಉಂಟು. 2011ರ ಚಳಿಗಾಲದಲ್ಲಿ ಚೆಸಪೀಕ್‌ನಲ್ಲಿ ಕಳ್ಳಬಲೆಗಳಿಂದ ಹತ್ತು ಟನ್‌ಗೂ ಹೆಚ್ಚು ಮೀನು ಪತ್ತೆಯಾದ ಮೇಲೆ, 2012ರಲ್ಲಿ ಒಪ್ಪಿದ ನಿಯಮದಂತೆ ಮಾರಾಟಕ್ಕೆ ಹೋಗುವ ಒಂದೊಂದು ಮೀನಿಗೂ ಟ್ಯಾಗ್ ಕಟ್ಟಬೇಕು. ಮೇನ್, ನ್ಯೂ ಹ್ಯಾಂಪ್‌ಶೈರ್, ಕನೆಕ್ಟಿಕಟ್, ನ್ಯೂಜೆರ್ಸಿಗಳಲ್ಲಿ ವಾಣಿಜ್ಯ ಮೀನುಗಾರಿಕೆಯೇ ಇಲ್ಲ. ಒಂದು ಪಾಲಿನ ಪ್ರತಿ ಮೀನೂ ಎಣಿಕೆಗೆ ಸಿಗುತ್ತದೆ. ಅದರ ಹಲವು ಪಟ್ಟು ದೊಡ್ಡ ಪಾಲು ಅಂದಾಜಿನಲ್ಲಿದೆ. ಕಡಿತ ಬಂದಾಗಲೆಲ್ಲ ಯಾರು ಎಷ್ಟು ಬಿಡಬೇಕೆಂಬ ಜಗಳದ ಬೇರು ಈ ವ್ಯತ್ಯಾಸದಲ್ಲಿದೆ.

ಗಾಳವೊಂದನ್ನೇ ದೂರಿದರೆ ಚಿತ್ರ ಪೂರ್ತಿಯಾಗದು. ಸ್ಟ್ರೈಪ್ಡ್ ಬಾಸ್‌ನ ಪ್ರಮುಖ ಆಹಾರ ಬೂತಾಯಿಯನ್ನು ಹೋಲುವ, ಎಣ್ಣೆಯಂಶದ ಮೆನ್‌ಹೇಡನ್ ಮೀನು. ಎಣ್ಣೆ ಮತ್ತು ಮೀನುಹುಡಿಗಾಗಿ ಅದನ್ನು ವರ್ಜೀನಿಯಾದ ರೀಡ್‌ವಿಲ್‌ನಲ್ಲಿ ದೊಡ್ಡ ಪ್ರಮಾಣದಲ್ಲಿ ಇಳಿಸುತ್ತಾರೆ. 2020ರಿಂದ ಆಯೋಗ ಮೆನ್‌ಹೇಡನ್‌ನ ಮಿತಿ ನಿಗದಿಪಡಿಸುವಾಗ ಅದನ್ನು ತಿನ್ನುವ ಸ್ಟ್ರೈಪ್ಡ್ ಬಾಸ್‌ನ ಅಗತ್ಯವನ್ನೂ ಲೆಕ್ಕಕ್ಕೆ ಹಿಡಿಯುತ್ತಿದೆ. 1997ರಿಂದ ಚೆಸಪೀಕ್‌ನ ಮೀನುಗಳಲ್ಲಿ ಕ್ಷಯದ ಬಳಗಕ್ಕೆ ಸೇರಿದ ಬ್ಯಾಕ್ಟೀರಿಯಾದ ಸೋಂಕೂ ಕಾಣಿಸಿಕೊಂಡಿದೆ. ಇವೆಲ್ಲಕ್ಕಿಂತ ಭಾರವಾದದ್ದು ಹವಾಮಾನ. ಚಳಿಗಾಲ ಬೆಚ್ಚಗಾದಂತೆ ಮರಿಗಳು ಉಳಿಯುವ ವರ್ಷಗಳು ವಿರಳವಾಗುತ್ತಿವೆ. ಮೇರಿಲ್ಯಾಂಡ್‌ನ ಸೂಚ್ಯಂಕ 2019ರಿಂದ 2024ರವರೆಗೆ ಆರು ವರ್ಷವೂ 4ಕ್ಕಿಂತ ಕೆಳಗಿತ್ತು. 2023ರಲ್ಲಿ 1, 2024ರಲ್ಲಿ 2. ಮಳೆ ಚಳಿಗಳನ್ನು ಯಾವ ಆಯೋಗವೂ ಆಳಲಾರದು. ತಾಯಿಮೀನುಗಳನ್ನು ಉಳಿಸಿಕೊಂಡು ಅನುಕೂಲದ ವಸಂತಕ್ಕೆ ಕಾಯುವುದು ಮಾತ್ರ ಮನುಷ್ಯರ ಕೈಯಲ್ಲಿದೆ. ಮೇರಿಲ್ಯಾಂಡ್ 2024ರಲ್ಲಿ ಮೇ ಮೊದಲಾರ್ಧದ ದೊಡ್ಡಮೀನಿನ ಗಾಳಗಾರಿಕೆಯನ್ನು ರದ್ದು ಮಾಡಿದ್ದು ಈ ಉದ್ದೇಶದಿಂದ: ಮೊಟ್ಟೆಯಿಡಲು ಬರುವ ಹೆಣ್ಣುಗಳನ್ನು ದಾರಿಯಲ್ಲಿ ತಡೆಯಬಾರದು.

2024ರ ಪರಿಷ್ಕೃತ ಲೆಕ್ಕದ ಪ್ರಕಾರ ಹಿಡಿತ ಮಿತಿಯೊಳಗೆ ಬಂದಿದೆ. ಸಂತತಿ ಮಾತ್ರ ಇನ್ನೂ ಕನಿಷ್ಠ ಮಟ್ಟಕ್ಕಿಂತ ಕೆಳಗಿದೆ. ಯೋಜನೆಯ ಪ್ರಕಾರ 2029ರೊಳಗೆ ಅದು ಗುರಿ ಮುಟ್ಟಬೇಕು. 2015, 2018ರಂಥ ಹಿಂದಿನ ಪೀಳಿಗೆಗಳಲ್ಲಿ ಉಳಿದಿರುವ ಹೆಣ್ಣುಗಳೇ ಅಲ್ಲಿಯವರೆಗಿನ ಆಧಾರ, ಏಕೆಂದರೆ ಅವುಗಳ ಹಿಂದೆ ಬರುತ್ತಿರುವುದು 2019ರಿಂದ ಹುಟ್ಟಿದ ಬಡಪೀಳಿಗೆಗಳು.